ಅಟ್ಟದ ಕೆಳಗಿನ ಕೋಣೆಗೆ ಒಂದು ಧೂಳಿನ ಮಿಷನ್

ಹತ್ತು ವರ್ಷ ತಿರುಗಿ ನೋಡಬಾರದು, ಅಂಥ ಮಿಷನ್ ಬೇಕು ಅಂದರು ಗೌಡರು. ಫೆಬ್ರುವರಿ ತಿಂಗಳ ಒಂದು ಬೆಳಗ್ಗೆ, ಸಕಲೇಶಪುರದ ನನ್ನ ಅಂಗಡಿಯ ಮೂರು ಮೆಟ್ಟಿಲು ಹತ್ತಿ ಬಂದು, ಸ್ಟೂಲ್ ಎಳೆದುಕೊಂಡು ಕೂತು ಹೇಳಿದ ಮೊದಲ ಮಾತೇ ಅದು. ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಮಿಕ್ಸಿ, ಪಂಪ್‌ಸೆಟ್, ಗ್ರೈಂಡರ್, ಸುಟ್ಟುಹೋದದ್ದು ಯಾವುದೇ ಇರಲಿ, ಬಿಚ್ಚಿ ಹೊಸದಾಗಿ ತಾಮ್ರದ ತಂತಿ ಸುತ್ತಿ ಕೊಡುವ ಕೆಲಸ. ಹೆಂಗಸೊಬ್ಬಳು ಇದನ್ನು ಮಾಡುತ್ತಾಳೆ ಅನ್ನುವ ಬೆರಗು ಊರಿಗೆ ಯಾವತ್ತೋ ಕಳೆದುಹೋಗಿದೆ. ಈಗ ದೊಡ್ಡವರು ಚಿಕ್ಕವರು ಎಲ್ಲರಿಗೂ ನಾನು ವೈಂಡಿಂಗ್ ಅಕ್ಕ.

"ಹೆಂಡ್ತಿಗೆ ಕೆಮ್ಮು ಕಣಕ್ಕ," ಅಂದರು ಗೌಡರು. "ಧೂಳು ತಾಗ್ಲೇಬಾರ್ದು ಅಂತ ಡಾಕ್ಟ್ರು ಹೇಳ್ಬುಟ್ಟವ್ರೆ. ಅವಳು ಕೇಳ್ಬೇಕಲ್ಲ! ಬೆಳಗಾಯ್ತು ಅಂದ್ರೆ ಪೊರಕೆ ಹಿಡ್ಕೊಂಡು ನಿಂತಿರ್ತಾಳೆ. ಧೂಳು ಎಳ್ಯೋ ಮಿಷನ್ ಬತ್ತದಲ್ಲ, ಅದ್ನ ನೀನೇ ನೋಡಿ ಕೊಡ್ಸು. ಅಂಗಡಿಯೋರ್ ಮಾತು ನಂಗೆ ನಂಬ್ಕೆ ಇಲ್ಲ. ನೀನು ಮಿಷನ್ ಹೊಟ್ಟೆ ಬಗೆದು ನೋಡೋಳು."

ಹೊಗಳಿಕೆಗೆ ಕರಗುವವಳು ನಾನಲ್ಲ ಎಂದುಕೊಂಡಿದ್ದೆ. ಕರಗಿಬಿಟ್ಟೆ.

ಮನೆ ನೋಡದೆ ಸಾಮಾನು ಆರಿಸಿಕೊಡುವ ಅಭ್ಯಾಸ ನನಗಿಲ್ಲ. ಮರುದಿನವೇ ಸ್ಕೂಟರ್ ಹತ್ತಿ ಹೋದೆ. ಬೆಳಗೋಡು ದಾಟಿ ಒಳಗೆ ತಿರುಗಿದರೆ ಗದ್ದೆ, ಗದ್ದೆ ಮುಗಿದ ಮೇಲೆ ಅವರ ಆರೆಂಟು ಎಕರೆ ಕಾಫಿ ತೋಟ, ತೋಟದ ಬಾಯಲ್ಲೇ ಹಂಚಿನ ಮನೆ. ಮನೆ ಮುಂದಿನ ಸಿಮೆಂಟ್ ಕಣ ಖಾಲಿಯಿತ್ತು. ಕೊಯ್ದ ಹಣ್ಣು ಸಿಪ್ಪೆಸಮೇತ ಒಣಗಿ ಚೀಲ ಸೇರಿಯಾಗಿತ್ತು.

"ಈ ಸಲ ಕಣದಾಗೆ ಹರವಿದ್ದಾಗ್ಲೇ ಎರಡು ದಿನ ಮಳೆ ಹುಯ್ಬುಡ್ತು," ಅಂದರು ಗೌಡರು. "ಹೆಂಗೋ ಬಾಚಿ, ಮತ್ತೆ ಹರವಿ, ಅಟ್ಟಕ್ಕೆ ಏರಿಸ್ಬುಟ್ಟೆ."

ಆಗ ನಾನು ಹೂಂ ಅಂದೆ. ನಮ್ಮ ಕಡೆ ಯಾರ ಮನೆಗೆ ಹೋದರೂ ಮೊದಲು ಮಳೆಯ ಮಾತು, ಆಮೇಲೆ ಕಾಫಿ ಲೋಟ. ಆ ಮಾತನ್ನು ಅಲ್ಲೇ ಹಿಡಿದು ಎರಡು ಪ್ರಶ್ನೆ ಕೇಳಿದ್ದರೆ ಈ ಕಥೆ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಗೌಡರ ಹೆಂಡತಿಗೆ ನನಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು, ಐವತ್ತರ ಹತ್ತಿರ. ನಾನು ಅವರನ್ನು ಅಕ್ಕ ಅಂತಲೇ ಕರೆದೆ. ನಗುಮುಖದ ಹೆಂಗಸು. ಆದರೆ ಪ್ರತಿ ಎರಡನೇ ಮಾತಿಗೆ ಕೆಮ್ಮು. ಒಣ ಕೆಮ್ಮು, ಕಫವಿಲ್ಲ; ಒಂದರ ಹಿಂದೆ ಒಂದು ಮೂರು, ಆಮೇಲೆ ಅರ್ಧಕ್ಕೇ ನಿಲ್ಲುವ ಒಂದು ಉಸಿರು. ಲೆಕ್ಕ ಇಟ್ಟಂತೆ ಮೂರೇ.

"ಮಿಷನ್ ತರ್ತಾರಂತೆ, ಇನ್ನು ನನ್ ಪೊರಕೆಗೆ ಪಿಂಚಣಿ," ಅಂತ ನಕ್ಕರು. ನಗು ಕೆಮ್ಮಾಯಿತು.

ಮಲಗುವ ಕೋಣೆ ತೋರಿಸಿದರು. ತಲೆಯ ಮೇಲೆ ಹಲಸಿನ ಹಲಗೆ ಹಾಸಿದ ಅಟ್ಟ, ಅಟ್ಟದ ಮೇಲೆ ವರ್ಷದ ಫಸಲು. ಕಾಫಿ ಕಳ್ಳತನದ ಹೆದರಿಕೆ ನಮ್ಮಲ್ಲಿ ಯಾರಿಗಿಲ್ಲ? ಕೆಲವರು ಗೋದಾಮಿಗೆ ಎರಡು ಬೀಗ ಹಾಕುತ್ತಾರೆ, ಕೆಲವರು ನಾಯಿ ಕಟ್ಟುತ್ತಾರೆ. ಈ ಮನೆಯಲ್ಲಿ ಅಪ್ಪನ ಕಾಲದಿಂದ ಬೇರೆ ಪದ್ಧತಿ. ಫಸಲು ಮಾರುವವರೆಗೂ ಯಜಮಾನ, ಯಜಮಾನಿ ಅದರ ಅಡಿಯಲ್ಲೇ ಮಲಗಬೇಕು. ಮೇಲೆ ಇಲಿ ಓಡಿದರೂ ಗೊತ್ತಾಗುತ್ತದೆ ಅಂತ ಗೌಡರು ಹೆಮ್ಮೆಯಿಂದ ಹೇಳಿದರು. ರೇಟು ಏರಲಿ ಅಂತ ಕಾದರೆ ಅದು ಎಷ್ಟು ತಿಂಗಳೋ.

ಅಕ್ಕ ಮಂಚದ ತಲೆದೆಸೆಯ ಹಲಗೆ ಮೇಲೆ ಬೆರಳೆಳೆದು ನನ್ನ ಮುಂದೆ ಹಿಡಿದರು. "ಬೆಳಗ್ಗೆ ಒದ್ದೆ ಬಟ್ಟೇಲಿ ಒರೆಸಿದ್ದೆ ಕಣವ್ವ. ಈಗ ನೋಡು."

ಬೆರಳ ತುದಿಯಲ್ಲಿ ಬೂದಿ ಬಣ್ಣದ ಹುಡಿ. ಮುಟ್ಟಿದರೆ ಮುಖಕ್ಕೆ ಹಚ್ಚುವ ಪೌಡರಿಗಿಂತ ನಯ. ಹಂಚಿನ ಮನೆ, ತೋಟದ ದಾರಿ, ಧೂಳು ಇರುವುದೇ ಅಂದುಕೊಂಡೆ. ಪ್ಲಗ್ಗಿನಲ್ಲಿ ಮೀಟರ್ ಇಟ್ಟು ವೋಲ್ಟೇಜ್ ನೋಡಿದೆ. ಇನ್ನೂರ ಮೂವತ್ತು ಇರಬೇಕಾದಲ್ಲಿ ನೂರ ಎಪ್ಪತ್ತು. ನನ್ನ ತಲೆಯೆಲ್ಲ ಆ ಅಂಕಿಯ ಕಡೆಗೇ ಹೋಯಿತು.

ಹಾಸನಕ್ಕೆ ಹೋಗಿ ಮೂರು ಬಗೆಯ ವ್ಯಾಕ್ಯೂಮ್ ಕ್ಲೀನರ್ ನೋಡಿದೆ. ಪರಿಚಯದ ಅಂಗಡಿ, ಬಿಚ್ಚಲು ಬಿಟ್ಟರು. ಮೊದಲನೆಯದು ಬ್ಯಾಟರಿಯದು, ಕೋಲಿನಂತೆ ಹಿಡಿದು ಓಡಾಡಿಸುವಂಥದ್ದು. ಹಗುರ, ನೋಡಲು ಚಂದ. ಎರಡು ಮೂರು ವರ್ಷಕ್ಕೆ ಬ್ಯಾಟರಿ ಸಾಯುತ್ತದೆ, ಹೊಸದು ಹಾಕಿಸುವ ಹೊತ್ತಿಗೆ ಆ ಮಾದರಿಯೇ ನಿಂತಿರುತ್ತದೆ. ಪಕ್ಕಕ್ಕಿಟ್ಟೆ. ಎರಡನೆಯದಕ್ಕೆ ಒಳಗೆ ಕಾಗದದ ಚೀಲ, ಗಾಳಿ ಹೊರಹೋಗುವ ಬಾಯಿಗೆ ರಬ್ಬರ್ ಸೀಲ್ ಹಾಕಿದ ದಪ್ಪ ಫಿಲ್ಟರ್. ಮೋಟಾರ್ ಚಿಕ್ಕದು, ಚೀಲ ತುಂಬಿದಾಗೆಲ್ಲ ಹೊಸದು ಕೊಳ್ಳಬೇಕು, ಅದು ಸಕಲೇಶಪುರದಲ್ಲಿ ಸಿಗುವುದಿಲ್ಲ. ಚೀಲಕ್ಕಾಗಿ ಬೆಳಗೋಡಿನವರು ಎಲ್ಲಿಗೆ ಅಲೆಯುತ್ತಾರೆ? ಅದನ್ನೂ ಪಕ್ಕಕ್ಕಿಟ್ಟೆ.

ಮೂರನೆಯದು ಡ್ರಮ್ಮಿನಂಥದ್ದು. ಅದರ ತಲೆ ಬಿಚ್ಚಿದಾಗ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಅಪ್ಪಟ ತಾಮ್ರದ ವೈಂಡಿಂಗ್. ಎಳೆದ ಗಾಳಿ ಒಂದು ದಾರಿ, ಮೋಟಾರ್ ತಂಪಾಗಿಸುವ ಗಾಳಿ ಇನ್ನೊಂದು ದಾರಿ. ಸವೆದ ಕಾರ್ಬನ್ ಬ್ರಷ್ ಹೊರಗಿನಿಂದಲೇ ಬದಲಾಯಿಸಬಹುದು. ಬೇರಿಂಗ್ ಯಾವ ಅಂಗಡಿಯಲ್ಲೂ ಸಿಗುವ ನಂಬರಿನದು. ಕಾಗದದ ಚೀಲದ ರಗಳೆ ಇಲ್ಲ, ಒಗೆದು ಒಣಗಿಸಿ ಮತ್ತೆ ಹಾಕುವ ಬಟ್ಟೆಯ ಫಿಲ್ಟರ್. ವೋಲ್ಟೇಜನ್ನು ನೂರ ಐವತ್ತಕ್ಕೆ ಇಳಿಸಿ ಸ್ವಿಚ್ ಹಾಕಿದೆ. ಮುಕ್ಕಿರಿಯದೆ ಓಡಿತು. ಹತ್ತು ವರ್ಷವಲ್ಲ, ಹದಿನೈದು ವರ್ಷಕ್ಕೂ ಬಾಳುತ್ತದೆ ಅಂತ ಬರೆದುಕೊಡಲು ತಯಾರಿದ್ದೆ.

ಅದನ್ನು ಕೊಡಿಸಿದೆ. ನಾನೇ ಹೋಗಿ ಜೋಡಿಸಿ ಓಡಿಸಲು ಕಲಿಸಿದೆ. ಅಕ್ಕ ಮಗುವಿನಂತೆ ಹಿಗ್ಗಿದರು. ಹೊರಗಿನ ಧೂಳು ಬಾರದಿರಲಿ ಅಂತ ಕಿಟಕಿ ಬಾಗಿಲು ಎಲ್ಲ ಮುಚ್ಚಿಕೊಂಡು, ಡ್ರಮ್ಮನ್ನು ಕಾಲ ಪಕ್ಕಕ್ಕೆ ಎಳೆದುಕೊಂಡು, ಮಂಚದ ಅಡಿ ಬಗ್ಗಿ ಬಗ್ಗಿ ಎಳೆದರು. ಮುಚ್ಚಿಕೊಂಡು ಎಳೆಯುವುದೇ ಒಳ್ಳೆಯದು ಅಂತ ನಾನೂ ಹೇಳಿದೆ. ಆ ಮಾತು ನನ್ನದೇ. ಇನ್ನೊಬ್ಬರ ತಲೆಗೆ ಕಟ್ಟುವ ಹಾಗಿಲ್ಲ.

ಒಂದು ತಿಂಗಳಿಗೆ ಗೌಡರ ಫೋನ್. ಮಿಷನ್ ಎಳೆಯುವುದು ಕಮ್ಮಿಯಾಗಿದೆ ಅಂದರು. ಹೋಗಿ ತಲೆ ಬಿಚ್ಚಿದೆ. ಬಟ್ಟೆಯ ಫಿಲ್ಟರ್ ದಾಟಿದ ಮೇಲೆ ಗಾಳಿ ಎಳೆಯುವ ಫ್ಯಾನ್ ಇರುತ್ತದೆ. ಅದರ ರೆಕ್ಕೆಗಳಿಗೆಲ್ಲ ಆ ಬೂದಿ ಹುಡಿ ಗೋಡೆಗೆ ಸುಣ್ಣ ಹೊಡೆದಂತೆ ಮೆತ್ತಿತ್ತು. ಮೂಗಿನ ಹತ್ತಿರ ತಂದೆ. ನೆಲಮಾಳಿಗೆಯಲ್ಲಿ ಮರೆತ ಗೋಣಿಚೀಲದ ವಾಸನೆ. ಬಟ್ಟೆಯಲ್ಲಿ ತೂತಿರಲಿಲ್ಲ. ಹಾಗಿದ್ದರೆ ಈ ಹುಡಿ ಬಟ್ಟೆಯನ್ನೇ ದಾಟಿ ಬಂದಿದೆ ಅಂತಾಯಿತು. ದಾಟಿ ಫ್ಯಾನಿಗೆ ಬಂದದ್ದು ಅಲ್ಲಿಂದ ಮುಂದೆ ಎಲ್ಲಿಗೆ ಹೋಯಿತು?

ಆ ಪ್ರಶ್ನೆ ಆಗ ನನಗೆ ಹೊಳೆಯಲೇ ಇಲ್ಲ. ಫ್ಯಾನ್ ಕೆಟ್ಟರೆ ಮೋಟಾರ್ ಮೇಲೆ ಭಾರ ಬೀಳುತ್ತದಲ್ಲ ಅನ್ನುವುದೊಂದೇ ಚಿಂತೆ. ಫ್ಯಾನ್ ತೊಳೆದು, ಇನ್ನೊಂದು ಸುತ್ತು ದಪ್ಪ ಬಟ್ಟೆ ಹೊಲಿದು ಹಾಕಿದೆ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಚೌಕಟ್ಟಿಗೆ ಕೈಕೊಟ್ಟು ನಿಂತಿದ್ದರು. ಮುಂಚೆ ಹಾಗೆ ನಿಲ್ಲುತ್ತಿರಲಿಲ್ಲ.

ಮಾರ್ಚ್ ಕೊನೆಗೆ ಹೂಮಳೆಯಾಯಿತು. ತೋಟಗಳೆಲ್ಲ ಬೆಳ್ಳಗಾಗಿ, ಸಕಲೇಶಪುರದ ರಸ್ತೆಯಲ್ಲಿ ನಿಂತರೂ ಕಾಫಿ ಹೂವಿನ ಘಮ. ಮಿಷನ್ ಹೇಗಿದೆ ಅಂತ ವಿಚಾರಿಸಲು ನಾನೇ ಫೋನ್ ಮಾಡಿದೆ. ಅಕ್ಕ ತೆಗೆದರು. ಮಾತು ತುಂಡು ತುಂಡಾಗಿ ಬಂತು.

"ಚೆನ್ನಾಗೈತೆ... ಆ ದಪ್ಪ ಬಟ್ಟೆ ಹಾಕಿದ್ರೆ ಎಳೆಯಲ್ಲ ಅಂತ... ಇವ್ರು ತೆಗೆದಾಕ್ಬುಟ್ರು. ಈಗ ಚೆನ್ನಾಗಿ ಎಳೀತೈತೆ."

"ತೆಗೆಯಬಾರದಿತ್ತು ಅಕ್ಕ, ಮೋಟಾರ್ ಹಾಳಾಗುತ್ತೆ," ಅಂತ ಸಿಡುಕಿದೆ.

ಆ ಕಡೆ ಮೂರು ಕೆಮ್ಮು. ಅರ್ಧ ಉಸಿರು. "ಮಿಷನ್‌ಗೇನೂ ಆಗಿಲ್ಲ ಕಣವ್ವ. ನಾನೇ ಸರಿಯಿಲ್ಲ. ತೋಟ ಪೂರಾ ಹೂ ಬಿಟ್ಟೈತಂತೆ, ನಂಗೆ ವಾಸನೇನೇ ಗೊತ್ತಾಗ್ತಿಲ್ಲ ನೋಡು."

ಫೋನ್ ಇಟ್ಟ ಮೇಲೆ ಕೆಲಸ ಸಾಗಲಿಲ್ಲ. ಪೊರಕೆ ಬಿಟ್ಟು ಒಂದೂವರೆ ತಿಂಗಳಾಗಿದೆ. ಧೂಳೇ ಕಾರಣವಾಗಿದ್ದರೆ ಕೆಮ್ಮು ಇಳಿಯಬೇಕಿತ್ತು. ಏರಿದೆ. ಯಾವಾಗಿನಿಂದ? ನನ್ನ ಮಿಷನ್ ಆ ಮನೆಗೆ ಕಾಲಿಟ್ಟಾಗಿನಿಂದ. ಫ್ಯಾನಿನ ರೆಕ್ಕೆಗೆ ಮೆತ್ತಿದ್ದ ಹುಡಿ ಕಣ್ಣಮುಂದೆ ಬಂತು. ಕೈಯಲ್ಲಿದ್ದ ಮಿಕ್ಸಿ ಮೋಟಾರಿನ ಆರ್ಮೇಚರ್ ಮೇಜಿನ ಮೇಲಿಟ್ಟು ಶಟರ್ ಎಳೆದೆ.

ಹೋದಾಗ ಮಧ್ಯಾಹ್ನ ಮೂರು ಗಂಟೆ. ಗೌಡರು ತೋಟದಲ್ಲಿದ್ದರು. ಅಕ್ಕ ನಡುಮನೆಯ ಬೆಂಚಿನ ಮೇಲೆ ಕೂತಿದ್ದರು, ಏಳಲಿಲ್ಲ. ನೀವು ಇಲ್ಲೇ ಇರಿ, ಒಳಗೆ ಬರಬೇಡಿ ಅಂದು ನಾನೊಬ್ಬಳೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಕಿಟಕಿಯ ಹಲಗೆಗಳನ್ನೂ ಮುಚ್ಚಿದೆ. ಹಲಗೆಯ ಒಂದು ಸಂದಿಯಿಂದ ಬಿಸಿಲಿನ ಕೋಲು ನೆಲದವರೆಗೂ ಬಿದ್ದಿತ್ತು. ಮಿಷನನ್ನು ಅದರ ಪಕ್ಕಕ್ಕೆಳೆದು, ಗಾಳಿ ಹೊರಬರುವ ಬಾಯಿಯನ್ನು ಬಿಸಿಲಿಗೆ ತಿರುಗಿಸಿ ಸ್ವಿಚ್ ಹಾಕಿದೆ.

ಕೊಳವೆಯ ತುದಿಯನ್ನು ನೆಲಕ್ಕಿಟ್ಟ ಮರುಕ್ಷಣ ಬಿಸಿಲಿನ ಕೋಲು ತುಂಬಿಹೋಯಿತು. ಮಿಷನ್ನಿನ ಬಾಯಿಂದ ಬೂದಿ ಹೊಗೆ ಎದ್ದು, ಸುತ್ತಿ, ಮೇಲೇರಿ ಬರುತ್ತಿತ್ತು. ಉಳಿದ ಕಡೆ ಕಣ್ಣಿಗೆ ಕೋಣೆ ಸ್ವಚ್ಛ. ಆ ಒಂದಂಗುಲ ಬೆಳಕಿನಲ್ಲಿ ಮಾತ್ರ ನಿಜ ಕಾಣುತ್ತಿತ್ತು. ದಪ್ಪ ಕಸವನ್ನೆಲ್ಲ ಡ್ರಮ್ಮಿನಲ್ಲಿಟ್ಟುಕೊಂಡು, ಎದೆಗಿಳಿಯುವಷ್ಟು ನಯವಾದದ್ದನ್ನು ಆರಿಸಿ ಆರಿಸಿ ಹೊರಗೆ ಊದುತ್ತಿತ್ತು ಅದು. ಅಕ್ಕ ದಿನಾ ಬಗ್ಗುತ್ತಿದ್ದದ್ದು ಆ ಬಾಯಿಯ ಮೇಲೇ. ಹುಡಿ ಹೊರಬಿಡದ ರಬ್ಬರ್ ಸೀಲ್ ಇದ್ದ ಎರಡನೆಯ ಮಿಷನನ್ನು ಮೋಟಾರ್ ಚಿಕ್ಕದು ಅಂತ ಪಕ್ಕಕ್ಕಿಟ್ಟವಳು ನಾನು. ಮಿಷನ್ ಎಷ್ಟು ದಿನ ಬದುಕುತ್ತದೆ ಅಂತ ನೋಡಿದೆ, ಅದನ್ನು ಹಿಡಿಯುವವರು ಬದುಕುತ್ತಾರಾ ಅಂತ ನೋಡಲಿಲ್ಲ. ಸ್ವಿಚ್ ಆರಿಸಿ ಮಂಚದ ಅಂಚಿಗೆ ಕೂತೆ.

ಅಷ್ಟಕ್ಕೇ ಎದ್ದು ಬಂದಿದ್ದರೆ ಬೇರೆ ಮಿಷನ್ ಕೊಡಿಸಿ ಕೈತೊಳೆದುಕೊಳ್ಳುತ್ತಿದ್ದೆನೋ ಏನೋ. ಆದರೆ ದಿನಾ ಒರೆಸಿ ದಿನಾ ಎಳೆದರೂ ಮತ್ತೆ ಅಷ್ಟೇ ಹುಡಿ ಎಲ್ಲಿಂದ? ಸ್ಕೂಟರಿನಲ್ಲಿದ್ದ ಕಪ್ಪು ಪ್ಲಾಸ್ಟಿಕ್ ಹಾಳೆ ತಂದು ಮಂಚದ ಮೇಲೆ ಬಿಗಿಯಾಗಿ ಹಾಸಿದೆ. ಕೋಣೆಯ ಫ್ಯಾನ್ ಹಾಕಲಿಲ್ಲ. ಬಾಗಿಲು ಮುಚ್ಚಿ ಹೊರಗೆ ಅಕ್ಕನ ಪಕ್ಕ ಒಂದು ಗಂಟೆ ಕೂತೆ. ಮಧ್ಯೆ ಒಂದು ಸಲ ಮೇಲೆ ಇಲಿ ಓಡಿತು, ಅಕ್ಕ ಅಭ್ಯಾಸಬಲದಿಂದ ತಲೆಯೆತ್ತಿದರು.

ಮತ್ತೆ ಒಳಗೆ ಹೋಗಿ ಟಾರ್ಚ್ ಬಿಟ್ಟೆ. ಕಪ್ಪು ಹಾಳೆಯ ಮೇಲೆ ಬೂದಿ ಗೆರೆಗಳು. ನೇರ, ಸಮಾಂತರ, ಗೇಣು ಗೇಣಿಗೆ ಒಂದು. ತಲೆಯೆತ್ತಿದೆ. ಅಟ್ಟದ ಹಲಗೆಗಳ ಸಂದಿಗಳೂ ಗೇಣು ಗೇಣಿಗೆ ಒಂದು. ಎರಡು ಗೆರೆ ದಿಂಬಿನ ಜಾಗದ ಮೇಲೇ ಹಾದುಹೋಗಿದ್ದವು.

ಮೂಗಿಗೆ ಸೆರಗು ಕಟ್ಟಿಕೊಂಡು ಏಣಿ ಹತ್ತಿದೆ. ಗಾಜಿನ ಹಂಚಿನ ಬೆಳಕಲ್ಲಿ ಸಾಲಾಗಿ ಚೀಲಗಳು. ಮುಂದಿನವು ಚೆನ್ನಾಗಿದ್ದವು. ಹಿಂದಿನ ಸಾಲಿನ ಚೀಲವೊಂದರ ಬಾಯಿ ಬಿಚ್ಚಿ ಕೈ ಇಳಿಬಿಟ್ಟೆ. ಮೊಣಕೈವರೆಗೂ ಹೋಯಿತು. ಒಳಗೆ ಬೆಚ್ಚಗಿತ್ತು, ಜ್ವರ ಬಂದವರ ಮೈ ಮುಟ್ಟಿದಂತೆ. ಹೊರಗೆಳೆದ ಹಿಡಿಯಲ್ಲಿ ಒಂದಕ್ಕೊಂದು ಅಂಟಿದ ಕಾಯಿಗಳು, ಮೇಲೆಲ್ಲ ಬಿಳಿ ಹಸಿರು ಬೂಷ್ಟು. ಒಂದು ಸಲ ಉಫ್ ಅಂದದ್ದಕ್ಕೆ ಮೋಡದಂತೆ ಎದ್ದಿತು. ಮಳೆಯಲ್ಲಿ ನೆಂದು ಅರ್ಧ ಒಣಗಿದ ಕಾಫಿ. ಒಂದು ಹಿಡಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿಕೊಂಡು ಇಳಿದೆ.

ಕೆಳಗೆ ಗೌಡರು ನಿಂತಿದ್ದರು. "ಅಟ್ಟಕ್ಕೆ ಯಾಕೆ ಹತ್ತಿದ್ದೆ?"

ನಾನು ಕಂಡದ್ದನ್ನೆಲ್ಲ ಹೇಳಿದೆ. ತಪ್ಪು ಮಿಷನ್ ಆರಿಸಿದ್ದು ನಾನು ಅಂತಲೂ ಹೇಳಿದೆ. ಆ ಮಾತು ಅವರ ಕಿವಿಗೆ ಬೀಳಲೇ ಇಲ್ಲ. ಬಿದ್ದದ್ದು ಒಂದೇ ಪದ.

"ಬೂಷ್ಟು? ನಮ್ ಕಾಫಿಗೆ? ನಮ್ಮಪ್ಪನ ಕಾಲದಿಂದ ಈ ಮನೆ ಮಾಲನ್ನ ಯಾರೂ ಬೆರಳು ತೋರ್ಸಿ ಮಾತಾಡಿಲ್ಲ! ಪ್ಯಾಟೇಲಿ ಅಂಗಡಿ ಇಟ್ಕೊಂಡಿರೋಳು ನೀನು, ಈ ಮಾತು ಯಾಪಾರದೋನ ಕಿವಿಗೆ ಬಿದ್ರೆ ಏನಾಯ್ತದೆ ಗೊತ್ತಾ? ಮಿಷನ್ ರಿಪೇರಿಗೆ ಬಂದಿದ್ದೀಯ, ಮಿಷನ್ ನೋಡು."

"ಇವತ್ತಿಂದ ಅಕ್ಕ ಈ ಕೋಣೆಯಲ್ಲಿ ಮಲಗಬಾರದು ಗೌಡ್ರೆ."

"ಮತ್ತೆ ಎಲ್ಲಿ ಮಲಗ್ತಾಳೆ? ಇಷ್ಟು ವರ್ಷ ಇಲ್ಲೇ ಮಲಗಿಲ್ವಾ? ಮಿಷನ್ ಚೆನ್ನಾಗಿ ಎಳೀತೈತೆ, ಇನ್ನೂ ಎರಡು ಸಲ ಎಳೆದ್ರಾಯ್ತು."

ಎರಡು ಸಲ. ಬೆಂಚಿನ ಮೇಲೆ ಕೂತ ಅಕ್ಕನ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಈ ಮನುಷ್ಯನ ಜೊತೆ ವಾದಿಸಿ ಗೆಲ್ಲುವುದು ನನ್ನಿಂದ ಆಗುವುದಿಲ್ಲ ಅಂತ ಗೊತ್ತಾಯಿತು. ನಾನು ಹೋದ ಮೇಲೆ ನಾಳೆ ಬೆಳಗ್ಗೆ ಆ ಹೆಂಗಸು ಕಿಟಕಿ ಮುಚ್ಚಿ, ಸ್ವಿಚ್ ಹಾಕಿ, ಬಗ್ಗುತ್ತಾರೆ. ಒಳಗೆ ಹೋಗಿ ಚೀಲದಿಂದ ಕಟಿಂಗ್ ಪ್ಲೇಯರ್ ತೆಗೆದು, ಮಿಷನ್ನಿನ ವೈರನ್ನು ಬುಡದ ಹತ್ತಿರ ಹಿಡಿದು ಕತ್ತರಿಸಿದೆ. ಸುಟ್ಟದ್ದನ್ನು ಓಡಿಸುವುದೇ ನನ್ನ ಬದುಕು. ಓಡುವುದನ್ನು ಕೈಯಾರೆ ಕೆಡಿಸಿದ್ದು ಅದೊಂದೇ ಸಲ.

ಗೌಡರು ಅಂದದ್ದನ್ನು ಇಲ್ಲಿ ಬರೆಯಲಾರೆ. ಮಿಷನ್ನಿನ ಹಣ ಹಿಂದಿರುಗಿಸುತ್ತೇನೆ ಅಂದು ಅದನ್ನು ಸ್ಕೂಟರಿಗೆ ಕಟ್ಟಿಕೊಂಡೆ. ಹೊರಡುವ ಮುಂಚೆ ನೀರು ಕೇಳುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ಹಿಂದೆ ಬಂದ ಅಕ್ಕನ ಕೈಗೆ ಆ ಪ್ಲಾಸ್ಟಿಕ್ ಗಂಟು ಕೊಟ್ಟೆ. "ಬಿಚ್ಚಬೇಡಿ. ಡಾಕ್ಟರಿಗೆ ತೋರಿಸಿ, ಇದರ ಕೆಳಗೆ ಮಲಗ್ತೀನಿ ಅಂತ ಹೇಳಿ. ಅಷ್ಟು ಸಾಕು."

ಅವರು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮೂರನೆಯ ದಿನ ಬೆಳಗ್ಗೆ ಅವರನ್ನು ಜೀಪಿನಲ್ಲಿ ಮಲಗಿಸಿಕೊಂಡು ಹಾಸನಕ್ಕೆ ಒಯ್ದರು ಅಂತ ಬೆಳಗೋಡಿನಿಂದ ಪಂಪ್ ತಂದವರೊಬ್ಬರು ಹೇಳಿದರು. ತುಟಿ ನೀಲಿಗಟ್ಟಿತ್ತಂತೆ. ದೇವರಿಗೆ ಹರಕೆ ಹೊರುವ ಪೈಕಿಯಲ್ಲ ನಾನು, ಆ ವಾರ ಹೊತ್ತೆ.

ಉಳಿದರು. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕುವ ಮುಂಚೆ ಸೊಂಟದ ಗಂಟು ತೆಗೆದು ಡಾಕ್ಟರ ಕೈಗಿಟ್ಟರಂತೆ. ಮೇ ತಿಂಗಳಲ್ಲಿ ನನ್ನ ಅಂಗಡಿಗೆ ಬಂದಾಗ ಅವರೇ ಹೇಳಿದ್ದು. ಬೂಷ್ಟಿನ ಹುಡಿಯಿಂದ ಎದೆಯಲ್ಲಿ ಹೋದದ್ದು ಇನ್ನು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಅಂದಿದ್ದರು ಡಾಕ್ಟರು. ನನ್ನ ಅಂಗಡಿಗೆ ಇರುವುದು ಮೂರೇ ಮೆಟ್ಟಿಲು. ಎರಡನೆಯದರಲ್ಲಿ ಕಂಬ ಹಿಡಿದು ನಿಂತು, ನನ್ನನ್ನು ನೋಡಿ ನಕ್ಕು, ಆಮೇಲೆ ಮೂರನೆಯದನ್ನು ಹತ್ತಿದರು.

"ಕಾಫಿ ಎಲ್ಲ ಮಾರಾಯ್ತು ಕಣವ್ವ. ನಾನು ಈಗ ನಡುಮನೇಲೇ ಮಲಗೋದು. ಆ ಕೋಣೆ ಹೊಸ್ಲು ತುಳಿಯಲ್ಲ."

ನನಗೆ ಅಳು ಬಂತು. ಟೀ ತರಿಸಿದೆ. ಹಲಗೆಗಳನ್ನು ತೆಗೆದು ತೊಳೆದಿರಾ, ಅಟ್ಟ ಕೆರೆಸಿದಿರಾ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಉಳಿದರಲ್ಲ ಅನ್ನುವ ಖುಷಿಯಲ್ಲಿ ಕೇಳುವುದೇ ಮರೆತೆ. ಎರಡನೆಯ ಸಲವೂ ಕಣ್ಣೆದುರಿನದನ್ನು ಬಿಟ್ಟೆ.

ಈ ಜನವರಿಯಲ್ಲಿ ಒಂದು ಮಧ್ಯಾಹ್ನ ಫೋನ್ ಬಂತು. ಗೌಡರು. ಆ ದಿನದ ನಂತರ ನನ್ನ ಜೊತೆ ಮಾತಾಡಿದ್ದು ಅದೇ ಮೊದಲು. ಧ್ವನಿ ಮೆತ್ತಗಾಗಿತ್ತು.

"ಅಕ್ಕ, ಆ ಮಿಷನ್ ಇನ್ನೂ ಐತಾ ನಿನ್ ಹತ್ರ?"

"ಇದೆ."

"ಅದ್ಕೆ ಒಂದು ವೈರ್ ಹಾಕ್ಕೊಡು. ಈ ಸಲ ಕಣದಾಗೆ ಒಂದ್ ಹನಿ ಬಿದ್ದಿಲ್ಲ, ಗರಗರ ಅಂತ ಒಣಗ್ಸಿ ಅಟ್ಟಕ್ಕೆ ಹಾಕಿದ್ದೀನಿ. ಆದ್ರೂ ಯಾಕೋ ಕೋಣೇಲಿ ಧೂಳು..."

ಮಾತು ಅಲ್ಲಿಗೇ ನಿಂತಿತು. ಆ ಕಡೆಯಿಂದ ಕೆಮ್ಮು ಕೇಳಿತು. ಒಣ ಕೆಮ್ಮು, ಒಂದರ ಹಿಂದೆ ಒಂದು ಮೂರು. ಆಮೇಲೆ ಅರ್ಧಕ್ಕೇ ನಿಂತ ಒಂದು ಉಸಿರು. ಅಕ್ಕ ಹತ್ತಿರ ಇದ್ದಾರೇನೋ ಅಂದುಕೊಂಡೆ, ಒಂದು ಗಳಿಗೆ. ಅದು ಗಂಡಸಿನ ಕೆಮ್ಮು.

"ಗೌಡ್ರೆ, ನೀವು ಎಲ್ಲಿ ಮಲಗ್ತಾ ಇದ್ದೀರಿ?"

"ಇನ್ನೆಲ್ಲಿ? ಅವಳಂತೂ ಬರಲ್ಲ ಅಂತಾಳೆ. ಒಬ್ರಾದ್ರೂ ಕಾಫಿ ಕಾಯಬ್ಯಾಡ್ವಾ?"

ಅಟ್ಟವನ್ನು ಯಾರೂ ಕೆರೆಸಿಲ್ಲ, ಹೋದ ವರ್ಷದ ಬೂಷ್ಟು ಹಲಗೆಯ ಸಂದಿಗಳಲ್ಲೇ ಉಳಿದಿದೆ ಅಂತ ಗೊತ್ತಾಯಿತು. ಮೂಲೆಯಲ್ಲಿ ಆ ಮಿಷನ್ ಕೂತಿತ್ತು. ಒಂದಡಿ ವೈರ್ ಹಾಕಿದರೆ ಈ ಕ್ಷಣ ಓಡುತ್ತದೆ. ಹದಿನೈದು ವರ್ಷ ಓಡುತ್ತದೆ, ಅದರಲ್ಲಿ ನನ್ನ ಲೆಕ್ಕ ತಪ್ಪಿರಲಿಲ್ಲ. ಅದನ್ನು ಅಲ್ಲೇ ಬಿಟ್ಟು, ಗೌಡರ ಕಣ್ಣಿಗೇ ತೋರಿಸಲು ಕಪ್ಪು ಪ್ಲಾಸ್ಟಿಕ್ ಹಾಳೆಯೊಂದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಶಟರ್ ಎಳೆದು ಸ್ಕೂಟರ್ ಹತ್ತಿದೆ.